ಹೀಟ್ ಅಂದ್ರೆ ಬಿಸಿ ಅಲ್ಲ ಸ್ವಾಮಿ!

ಕನ್ನಡದ ತರುಣರೇ, ನಿಮಗೊಂದು ಸಣ್ಣ ಪರೀಕ್ಷೆ. ಎಂ.ಬಿ.ಟಿ., ಎ.ಪಿ.ಸಿ., ಇ.ಆರ್.ಎ., ಹೀಟ್, ಹೆಶ್. ಈ ಐದರಲ್ಲಿ ನಿಮಗೆ ಎಷ್ಟು ಗೊತ್ತು? ಐದೂ ಗೊತ್ತು ಅನ್ನುವವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. 2022ರಲ್ಲಿ ರಷ್ಯಾ ಉಕ್ರೇನಿನೊಳಗೆ ನುಗ್ಗಿದ ಮೇಲೆ ಟ್ಯಾಂಕು ಉರಿಯುವ ವಿಡಿಯೋ ನೋಡದ ಹುಡುಗನೇ ಇಲ್ಲ. ಫೋನಿನಲ್ಲಿ ಟ್ಯಾಂಕ್ ಓಡಿಸುವ ಆಟ ಬೇರೆ. ಭೇಷ್! ಈಗ ಎರಡನೇ ಪ್ರಶ್ನೆ. ಹಾಸನದಲ್ಲೋ ಗದಗದಲ್ಲೋ ಐ.ಟಿ.ಐ. ಓದುತ್ತಿರುವ ನಿಮ್ಮ ಚಿಕ್ಕಪ್ಪನ ಮಗನಿಗೆ ಈ ಐದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ ನೋಡೋಣ.

ಬಾಯಿ ಕಟ್ಟಿತೇ? ಕಟ್ಟಲೇಬೇಕು. ನಿಮಗೆ ಗೊತ್ತಿರುವುದು ಅಕ್ಷರಗಳು, ವಿಷಯವಲ್ಲ.

‘ಹೀಟ್’ ಗುಂಡನ್ನೇ ತೆಗೆದುಕೊಳ್ಳಿ. ಉಕ್ಕನ್ನು ಕಾಯಿಸಿ ಕರಗಿಸುವ ಗುಂಡು ಎಂದು ಎದೆ ತಟ್ಟಿ ಹೇಳುವವರಿದ್ದಾರೆ. ಇಂಗ್ಲಿಷ್ ಬಲ್ಲ ಮಹಾನುಭಾವರೂ ಹಾಗೇ ಅಂದುಕೊಂಡಿದ್ದಾರೆ. ಅದು ಬಿಸಿಯಲ್ಲ ಮಾರಾಯರೇ, ‘ಹೈ ಎಕ್ಸ್‌ಪ್ಲೋಸಿವ್ ಆಂಟಿ ಟ್ಯಾಂಕ್’ ಎಂಬ ನಾಲ್ಕು ಪದಗಳ ಮೊದಲಕ್ಷರ. ಗುಂಡಿನೊಳಗೆ ಆಲಿಕೆಯಾಕಾರದ ತಾಮ್ರದ ತಗಡು, ಅದರ ಹಿಂದೆ ಸಿಡಿಮದ್ದು. ಮದ್ದು ಸಿಡಿದಾಗ ತಗಡು ಒಳಕ್ಕೆ ಕುಸಿದು, ಸೂಜಿಯಂಥ ಲೋಹದ ಧಾರೆಯಾಗಿ, ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಉಕ್ಕನ್ನು ತೂರಿಕೊಂಡು ಹೋಗುತ್ತದೆ. ಅದರದು ಒತ್ತಡದ ಕೆಲಸ, ಕುಲುಮೆಯ ಕೆಲಸವಲ್ಲ. ‘ತೂರುಗುಂಡು’ ಎಂದು ಒಂದೇ ಒಂದು ಕನ್ನಡ ಪದ ಬಳಕೆಯಲ್ಲಿದ್ದಿದ್ದರೆ ಈ ತಪ್ಪು ಹುಟ್ಟುತ್ತಲೇ ಇರಲಿಲ್ಲ. ಪದವೇ ಪಾಠ ಹೇಳುತ್ತಿತ್ತು.

ಇನ್ನು ನಮ್ಮ ಟಿ.ವಿ. ಚಾನೆಲ್ಲುಗಳು! ಗಡಿಯಲ್ಲಿ ಗದ್ದಲವಾದರೆ ಸಾಕು, ‘ಯುದ್ಧ ಟ್ಯಾಂಕರ್‌ಗಳ ಜಮಾವಣೆ’ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಟ್ಯಾಂಕರ್ ಅಂದರೆ ನಿಮ್ಮ ಬೀದಿಗೆ ಕಾವೇರಿ ನೀರು ಬಾರದಿದ್ದಾಗ ದುಡ್ಡು ಸುಲಿಯಲು ಬರುವ ಗಾಡಿ ಸ್ವಾಮಿ! ತಮಾಷೆ ಏನೆಂದರೆ, ಹುಟ್ಟಿನ ಕಥೆ ನೋಡಿದರೆ ಇವರು ಗೊತ್ತಿಲ್ಲದೇ ಸರಿದಾರಿಯಲ್ಲೇ ಇದ್ದಾರೆ. 1915ರಲ್ಲಿ ಬ್ರಿಟಿಷರು ಈ ಯಂತ್ರವನ್ನು ಗುಟ್ಟಾಗಿ ಕಟ್ಟುವಾಗ, ಇದು ನೀರು ಸಾಗಿಸುವ ತೊಟ್ಟಿ ಎಂದು ಕಾರ್ಖಾನೆಯವರಿಗೆ ಸುಳ್ಳು ಹೇಳಿದ್ದರು. ಮೊದಲು ‘ವಾಟರ್ ಕ್ಯಾರಿಯರ್’ ಎಂದೇ ಕರೆಯಲು ಹೊರಟರಂತೆ. ಸಂಕ್ಷೇಪ ಮಾಡಿದರೆ ಡಬ್ಲ್ಯು.ಸಿ., ಅಂದರೆ ಕಕ್ಕಸು! ಹಾಗಾಗಿ ‘ಟ್ಯಾಂಕ್’ ಮಾಡಿದರು ಎಂಬ ಕಥೆ ಅವರೇ ಬರೆದಿಟ್ಟಿದ್ದಾರೆ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ರಣರಂಗಕ್ಕೆ ಇಳಿದದ್ದು ಆ ‘ತೊಟ್ಟಿ’.

ಆ ಪದವಾದರೂ ಅವರಪ್ಪನ ಮನೆಯದೇ? ಗುಜರಾತಿ, ಮರಾಠಿ ಕಡೆಯ ನೀರಿನ ತೊಟ್ಟಿಯ ಹೆಸರಿನಿಂದ ಬಂದದ್ದು ಎಂದು ಇಂಗ್ಲಿಷ್ ನಿಘಂಟುಗಳೇ ಹೇಳುತ್ತವೆ. ಪೋರ್ಚುಗೀಸರದೂ ಪಾಲಿದೆ ಅನ್ನುತ್ತವೆ. ನಮ್ಮ ದೇಶದ ಪದವನ್ನು ಹೊತ್ತುಕೊಂಡು ಹೋಗಿ, ನಮ್ಮ ಕೆರೆಗಳಿಗೆಲ್ಲ ಅದೇ ಹೆಸರು ಅಂಟಿಸಿ, ಕೊನೆಗೆ ಯುದ್ಧಯಂತ್ರಕ್ಕೂ ಇಟ್ಟುಕೊಂಡರು. ನಾವೋ, ಸ್ಯಾಂಕಿ ಕೆರೆಯನ್ನು ಇವತ್ತಿಗೂ ‘ಸ್ಯಾಂಕಿ ಟ್ಯಾಂಕ್’ ಅನ್ನುತ್ತೇವೆ. ಮೆಜೆಸ್ಟಿಕ್ಕಿನಲ್ಲಿ ಧರ್ಮಾಂಬುಧಿ ಕೆರೆ ಹೋಗಿ ಬಸ್ ನಿಲ್ದಾಣ ಬಂತು, ‘ಟ್ಯಾಂಕ್ ಬಂಡ್ ರೋಡ್’ ಮಾತ್ರ ಉಳಿಯಿತು!

‘ಸೈನ್ಯದ ಭಾಷೆ ಪ್ರಪಂಚದಲ್ಲೆಲ್ಲ ಇಂಗ್ಲಿಷೇ ಅಲ್ಲವೇ’ ಎಂದು ಮೂಗು ಮುರಿಯುವ ಗೆಳೆಯರೇ, ಸ್ವಲ್ಪ ತಾಳಿ. ‘ಆರ್.ಪಿ.ಜಿ.’ ಅಂದರೆ ‘ರಾಕೆಟ್ ಪ್ರೊಪೆಲ್ಡ್ ಗ್ರೆನೇಡ್’ ಅಂತ ತಾನೇ ನಿಮಗೆ ಗೊತ್ತಿರುವುದು? ಅದು ಮೂಲದಲ್ಲಿ ರಷ್ಯನ್ ಸಂಕ್ಷೇಪ. ಕೈಯಲ್ಲಿ ಹಿಡಿದು ಟ್ಯಾಂಕಿನ ಮೇಲೆ ಗ್ರೆನೇಡ್ ಹಾರಿಸುವ ಸಾಧನ ಎಂಬುದು ಅದರ ಅರ್ಥ. ಇಂಗ್ಲಿಷರು ಆ ಮೂರು ಅಕ್ಷರಕ್ಕೆ ತಮ್ಮದೇ ಮೂರು ಪದ ಹೊಲಿದು ತಮ್ಮದನ್ನಾಗಿ ಮಾಡಿಕೊಂಡರು. ಎಷ್ಟು ಧೈರ್ಯ ನೋಡಿ! ನಮ್ಮ ಸೈನ್ಯದಲ್ಲಿ ಪದಾತಿದಳ ಹತ್ತಿ ಹೋಗುವ ‘ಬಿ.ಎಂ.ಪಿ.’ ಗಾಡಿಯ ಹೆಸರೂ ರಷ್ಯನ್ನೇ: ಬಯೆವಾಯಾ ಮಶಿನಾ ಪೆಖೋತಿ, ಪದಾತಿಯ ಕಾದಾಟದ ಯಂತ್ರ. ಮಾಸ್ಕೋದ ಅಕ್ಷರ ನಡೆಯುತ್ತದೆ, ಲಂಡನ್ನಿನ ಅಕ್ಷರ ನಡೆಯುತ್ತದೆ, ನಮ್ಮದಕ್ಕೆ ಮಾತ್ರ ಮಡಿಯೇ? (ಬೆಂಗಳೂರಿಗರಿಗೆ ಬಿ.ಎಂ.ಪಿ. ಅಂದರೆ ಬೆಂಗಳೂರು ಮಹಾನಗರ ಪಾಲಿಕೆ. ಅಕ್ಷರ ಇಂಗ್ಲಿಷಿನದಾದರೂ ಪದಗಳು ನಮ್ಮವಾಗಿದ್ದವು. 2007ರಲ್ಲಿ ಅದು ಬಿ.ಬಿ.ಎಂ.ಪಿ. ಆಯಿತು. 2025ರಲ್ಲಿ ಅದೂ ಹೋಗಿ ‘ಗ್ರೇಟರ್’ ಬಂದು ಕೂತಿತು, ಜಿ.ಬಿ.ಎ.! ವಿಧಾನಸೌಧದಲ್ಲಿ ಕೂತವರಿಗೆ ಒಂದು ಕನ್ನಡ ವಿಶೇಷಣಕ್ಕೂ ಬರಗಾಲ.)

ಪೋಲೆಂಡಿನವರು ಟ್ಯಾಂಕಿಗೆ ‘ಚೋವ್ಗ್’ ಅನ್ನುತ್ತಾರೆ. ತೆವಳುವುದು ಎಂಬ ಅವರ ಕ್ರಿಯಾಪದದಿಂದ ಹುಟ್ಟಿದ ಪದ. ಫ್ರೆಂಚರಿಗೆ ಅದು ‘ಶಾರ್’, ರಥ. ಜಪಾನಿಗೆ ‘ಸೆನ್ಶಾ’, ಯುದ್ಧದ ಬಂಡಿ. ಹೀಬ್ರೂ ನೋಡಿ. ನೂರೈವತ್ತು ವರ್ಷದ ಹಿಂದೆ ಯಾರ ಮನೆಮಾತೂ ಆಗಿರದ ಭಾಷೆ. ಇವತ್ತು ಆ ಭಾಷೆಯಲ್ಲಿ ಎ.ಪಿ.ಸಿ.ಗೆ ‘ನಗ್‌ಮಶ್’ ಎಂಬ ಸ್ವಂತ ಸಂಕ್ಷೇಪ ಇದೆ. ಅವರ ಟ್ಯಾಂಕಿನ ಹೆಸರು ‘ಮೆರ್ಕವಾ’, ಅಂದರೆ ರಥ. ನಗ್‌ಮಶ್ ಮತ್ತು ಮೆರ್ಕವಾ ಕೂಡಿಸಿ ಮೊಟಕು ಮಾಡಿ ‘ನಮೇರ್’ ಎಂಬ ಇನ್ನೊಂದು ಗಾಡಿಗೆ ಹೆಸರಿಟ್ಟರು. ಆ ಪದಕ್ಕೆ ಹೀಬ್ರೂನಲ್ಲಿ ಚಿರತೆ ಎಂದೂ ಅರ್ಥ! ಆ ಗಾಡಿಗಳಿಂದ ಅವರು ಯಾರನ್ನು ತುಳಿಯುತ್ತಿದ್ದಾರೆ ಎಂಬುದು ಬೇರೆಯೇ ಜಗಳ, ಅದನ್ನೂ ಆಡೋಣ. ಇಲ್ಲಿ ನಾನು ಕೇಳುತ್ತಿರುವುದು ಇಷ್ಟೇ: ಹಲ್ಮಿಡಿ ಶಾಸನದ ಹೆಸರು ಹೇಳಿ ಮೀಸೆ ತಿರುವುವ ನಮ್ಮಲ್ಲಿ ಒಂದು ‘ನಮೇರ್’ ಯಾಕೆ ಹುಟ್ಟಲಿಲ್ಲ?

ಯಾಕೆಂದರೆ ನಾವು ಪದ ಮಾಡುವ ಕೆಲಸವನ್ನು ಪಂಡಿತರ ಸಮಿತಿಗೆ ಗುತ್ತಿಗೆ ಕೊಟ್ಟಿದ್ದೇವೆ. ಎ.ಪಿ.ಸಿ.ಯನ್ನು ಅವರ ಕೈಗೆ ಕೊಟ್ಟು ನೋಡಿ, ‘ಕವಚಾವೃತ ಪದಾತಿವಾಹಕ ಶಕಟ’ ಎಂದು ಬರೆದಾರು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಶತ್ರು ಊರೊಳಗೆ ಬಂದಿರುತ್ತಾನೆ! ಸೈನಿಕರು ಪದ ಮಾಡುವ ರೀತಿಯೇ ಬೇರೆ. ಅಮೆರಿಕದ ಟ್ಯಾಂಕ್ ಸಿಪಾಯಿ ಮೇಲಿನ ಮುಚ್ಚಳ ಹಾಕಿ ಒಳಗೆ ಕೂತರೆ ‘ಬಟನ್ ಅಪ್’ ಅನ್ನುತ್ತಾನೆ, ಅಂಗಿಯ ಗುಂಡಿ ಹಾಕಿದ ಹಾಗೆ. ಒಳಗಿನ ಮದ್ದುಗುಂಡು ಕಾದು ತಾನೇ ಸಿಡಿದರೆ ‘ಕುಕ್ ಆಫ್’, ಒಲೆ ಮೇಲಿಟ್ಟ ಹಾಗೆ. ಈಟಿಯಂಥ ಗುಂಡನ್ನು ನಳಿಗೆಯಲ್ಲಿ ಬಿಗಿಯಾಗಿ ಹಿಡಿದು, ಹೊರಬಂದ ಕೂಡಲೇ ಕಳಚಿ ಬೀಳುವ ಭಾಗಕ್ಕೆ ‘ಸಾಬೋ’, ಅಂದರೆ ಫ್ರೆಂಚ್ ರೈತನ ಮರದ ಮೆಟ್ಟು! ಅಂಗಿ, ಒಲೆ, ಮೆಟ್ಟು. ಇದಕ್ಕೆ ಯಾವ ವಿದ್ವತ್ತು ಬೇಕು?

ನಮಗೂ ಇದು ಹೊಸದಲ್ಲ. ಸೀಮೆಎಣ್ಣೆ, ಬೆಂಕಿಪೊಟ್ಟಣ, ಸೀಮೆಸುಣ್ಣ, ಇವನ್ನು ಯಾವ ಸಮಿತಿ ಕೂತು ಮಾಡಿತ್ತು? ‘ಗಣಕಯಂತ್ರ’ ಬೋರ್ಡಿನಲ್ಲೇ ಉಳಿಯಿತು, ಸೀಮೆಎಣ್ಣೆ ಮನೆಮನೆಯ ಮಾತಾಯಿತು. ‘ಹೆಶ್’ ಗುಂಡು ಏನು ಮಾಡುತ್ತದೆ ಗೊತ್ತೇ? ಉಕ್ಕಿನ ಮೇಲೆ ಮೆತ್ತಗೆ ಅಪ್ಪಚ್ಚಿಯಾಗಿ ಅಂಟಿಕೊಂಡು, ಆಮೇಲೆ ಸಿಡಿದು, ಒಳಮೈಯಿಂದ ಉಕ್ಕಿನ ಚೂರು ಹಾರಿಸುತ್ತದೆ. ತಟ್ಟೆಗೆ ಬಿದ್ದ ರಾಗಿಮುದ್ದೆ ಕಣ್ರೀ ಅದು! ‘ಮುದ್ದೆಗುಂಡು’ ಅನ್ನಿ, ಮಂಡ್ಯದ ಹುಡುಗ ಜನ್ಮದಲ್ಲಿ ಮರೆಯುವುದಿಲ್ಲ. ಟ್ಯಾಂಕಿನ ಮೈಮೇಲೆ ಜೋಡಿಸುವ ಸಿಡಿಯುವ ಡಬ್ಬಿಗಳು ‘ಇ.ಆರ್.ಎ.’. ನೋಡಿದರೆ ಇಟ್ಟಿಗೆ ಇಟ್ಟಂತೆ ಇರುತ್ತವೆ. ‘ಸಿಡಿಯಿಟ್ಟಿಗೆ’ ಅಂದರೆ ಏನು ಕೊರತೆ?

ಇದು ಬರೀ ಅಕ್ಷರದ ಆಟ ಅಂದುಕೊಳ್ಳಬೇಡಿ. ಇದರಲ್ಲಿ ಅನ್ನದ ಪ್ರಶ್ನೆ ಇದೆ. ಕೆಟ್ಟು ನಿಂತ ಟ್ಯಾಂಕನ್ನು ಎಳೆದು ತರುವ ‘ಎ.ಆರ್.ವಿ.’ ಗಾಡಿಗಳನ್ನು ಸೈನ್ಯಕ್ಕೆ ಕೊಟ್ಟದ್ದು ಬಿ.ಇ.ಎಂ.ಎಲ್., 1964ರಲ್ಲಿ ಹುಟ್ಟಿದ, ಕೆ.ಜಿ.ಎಫ್.ನಲ್ಲಿ ಕಾರ್ಖಾನೆ ಇರುವ ಸಂಸ್ಥೆ. ಇಂಥ ಕಾರ್ಖಾನೆಗಳಲ್ಲಿ ಕನ್ನಡಿಗರಿಗೆ ಕೆಲಸ ಕೊಡಿ ಎಂದು ಸರೋಜಿನಿ ಮಹಿಷಿ ಸಮಿತಿ 1986ರಲ್ಲೇ ವರದಿ ಕೊಟ್ಟಿತು. ಅದಕ್ಕಾಗಿ ಬೀದಿಗಿಳಿದೆವು, ಇನ್ನೂ ಇಳಿಯುತ್ತೇವೆ. ಆದರೆ ಕನ್ನಡದಲ್ಲಿ ಓದಿದ ಫಿಟ್ಟರ್ ಹುಡುಗನ ಕೈಗೆ ಗಾಡಿಯ ಬಗ್ಗೆ ಒಂದು ಕನ್ನಡ ಪುಸ್ತಕ ಕೊಡದೆ ಸಂದರ್ಶನಕ್ಕೆ ಕಳಿಸಿದರೆ, ಎದುರು ಕೂತವರು ನಾಲ್ಕು ಇಂಗ್ಲಿಷ್ ಅಕ್ಷರ ಎಸೆದು ಅವನನ್ನು ಹೊರಗೆ ದಬ್ಬುತ್ತಾರೆ. ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ ಎಂದಲ್ಲ, ‘ಕಮ್ಯುನಿಕೇಷನ್’ ಸಾಲದು ಎಂದು!

ಟ್ಯಾಂಕಿನೊಳಗೆ ಕೂತ ಪಂಜಾಬಿ, ತಮಿಳ, ಕನ್ನಡಿಗರಿಗೆ ಗುಂಡು ಹಾರಿಸುವ ಹೊತ್ತಿನಲ್ಲಿ ಒಂದೇ ಆಜ್ಞೆ ಇರಬೇಕು, ಒಪ್ಪುತ್ತೇವೆ. ಅಲ್ಲಿ ಭಾಷೆಯ ಜಗಳ ಮಾಡುವ ಮೂರ್ಖರು ನಾವಲ್ಲ. ಆದರೆ ಕಲಿಯುವುದಕ್ಕೆ, ಪರೀಕ್ಷೆಗೆ, ಪತ್ರಿಕೆಗೆ ಯಾಕೆ ಇಂಗ್ಲಿಷ್-ಹಿಂದಿಯ ಗೋಡೆ? ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸಲು 2023ರಲ್ಲಿ ಒಪ್ಪಿದರು, 2024ರಲ್ಲಿ ನಡೆಸಿದರು. ದೇಶದ ಭದ್ರತೆ ಕುಸಿದು ಬಿತ್ತೇ?

1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಮೇಲಿರುವ ಜೋಜಿ ಲಾ ಕಣಿವೆಗೆ ಟ್ಯಾಂಕು ಹತ್ತಿಸಿ ಶತ್ರುವನ್ನು ಬೆಚ್ಚಿಬೀಳಿಸಿದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಗೋಪುರ ಬಿಚ್ಚಿ ಗುಟ್ಟಾಗಿ ಸಾಗಿಸಿದ ಟ್ಯಾಂಕುಗಳು ಅವು. ಹಾಲಿವುಡ್ಡಿನ ಟ್ಯಾಂಕ್ ಸಿನಿಮಾದ ಪಾತ್ರಗಳ ಹೆಸರು ಬಾಯಿಪಾಠ ಇರುವ ನಿಮ್ಮಲ್ಲಿ ಎಷ್ಟು ಜನ ಈ ಕಥೆಯನ್ನು ಕನ್ನಡದಲ್ಲಿ ಓದಿದ್ದೀರಿ?

ಈಗ ಕೆಲಸ. ಇವತ್ತು ಸಂಜೆ ಜೆ.ಸಿ.ಬಿ. ಓಡಿಸುವವನನ್ನು, ಲಾರಿ ಗ್ಯಾರೇಜಿನ ಮೇಸ್ತ್ರಿಯನ್ನು, ರಜೆಗೆ ಬಂದ ಸಿಪಾಯಿಯನ್ನು ಹಿಡಿದು ಕೂರಿಸಿ. ಚೈನು, ಗೇರು, ನಳಿಗೆ, ಮುಚ್ಚಳ, ಒಂದೊಂದಕ್ಕೂ ಅವರು ಏನನ್ನುತ್ತಾರೆ ಕೇಳಿ. ಬರೆದು ನಮಗೆ ಕಳಿಸಿ, ಪಟ್ಟಿ ಮಾಡಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಪೋಸ್ಟ್ ಕಾರ್ಡಾದರೂ ಸರಿ, ವಾಟ್ಸಪ್ ಆದರೂ ಸರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಮಾತ್ರ ಓದುವುದಿಲ್ಲ.