ಒಂದು ಹೊತ್ತಿನ ಊಟ

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ಉಳ್ಳವನ ಮನೆಯಲ್ಲಿಯೂ ಮುದ್ದೆ, ಇಲ್ಲದವನ ಮನೆಯಲ್ಲಿಯೂ ಮುದ್ದೆ. ಆದರೂ ಮುದ್ದೆ ಕಟ್ಟಿದ ಕೈ ಯಾರದೆಂಬ ಪ್ರಶ್ನೆ ಈ ಸೀಮೆಯಿಂದ ಪೂರ್ತಿಯಾಗಿ ಅಳಿದುಹೋಗಿಲ್ಲ.

ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿಯು ರದ್ದುಗೊಳಿಸಿತು. 1955ರ ಶಾಸನವು ಅದನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು. ಶಾಲೆಯ ಬಿಸಿಯೂಟದ ಅಡುಗೆ ಕೆಲಸದಲ್ಲಿ ದಲಿತರಿಗೆ ಆದ್ಯತೆಯಿರಬೇಕೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆದೇಶಿಸಿತು. ಇಷ್ಟಾದರೂ ನೆರೆಯ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ದಲಿತ ಮಹಿಳೆಯೊಬ್ಬರು ಅಡುಗೆಗೆ ನೇಮಕವಾದ ಮೇಲೆ ಬಹುಪಾಲು ಮಕ್ಕಳನ್ನು ಪೋಷಕರು ಬೇರೆ ಶಾಲೆಗಳಿಗೆ ಸೇರಿಸಿದರೆಂದು 2015ರಲ್ಲಿ ಪತ್ರಿಕೆಗಳು ವರದಿ ಮಾಡಿದವು. 

ಇಂತಹ ಸುದ್ದಿ ಹೊರಬಿದ್ದಾಗಲೆಲ್ಲ ನಮ್ಮ ನಾಡಿನಲ್ಲಿ ನಡೆದುಬಂದ ವಾಡಿಕೆಯೊಂದಿದೆ. ಗಣ್ಯರು ಬರುತ್ತಾರೆ, ಸಹಪಂಕ್ತಿ ಭೋಜನವಾಗುತ್ತದೆ, ಭಾಷಣವಾಗುತ್ತದೆ, ಛಾಯಾಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಮರುದಿನ ಒಲೆಯ ಮುಂದೆ ಕುಳಿತವಳು ಮತ್ತೆ ಒಬ್ಬಂಟಿ.

ಈ ವಾಡಿಕೆ ನಮ್ಮದು ಮಾತ್ರವಲ್ಲ. ಗುಲಾಮನಾಗಿ ಹುಟ್ಟಿ, ಟಸ್ಕೀಗಿ ವಿದ್ಯಾಸಂಸ್ಥೆಯ ಮುಖ್ಯಸ್ಥರಾದ ಕರಿಯ ಜನಾಂಗದ ನಾಯಕ ಬುಕರ್ ಟಿ. ವಾಷಿಂಗ್ಟನ್ ಅವರನ್ನು ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1901ರಲ್ಲಿ ಶ್ವೇತಭವನದ ಊಟಕ್ಕೆ ಕರೆದರು. ದಕ್ಷಿಣದ ಬಿಳಿಯರು ಕಿಡಿಕಾರಿದರು. ಎರಡನೆಯ ಸಲ ಅಂತಹ ಊಟಕ್ಕೆ ಕರೆ ಬರಲಿಲ್ಲ. 1906ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಪಟ್ಟಣದಲ್ಲಿ ಗುಂಡು ಹಾರಿ ಒಬ್ಬನು ಸತ್ತಾಗ, ಅದೇ ಅಧ್ಯಕ್ಷರು ವಿಚಾರಣೆಯನ್ನೇ ನಡೆಸದೆ 167 ಮಂದಿ ಕರಿಯ ಸೈನಿಕರನ್ನು ಕೆಲಸದಿಂದ ತೆಗೆದುಹಾಕಿದರು. ಅವರು ನಿರ್ದೋಷಿಗಳೆಂದು ಸೇನೆ ಒಪ್ಪಿಕೊಂಡದ್ದು 1972ರಲ್ಲಿ. ಅಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ತೀರಿಹೋಗಿದ್ದರು.

ಹಾಗಾದರೆ ಜೊತೆಯಲ್ಲಿ ಕುಳಿತು ಉಂಡದ್ದು ತಪ್ಪೇ? ಅಲ್ಲ. ಕೆಲವು ಕಾಲದಲ್ಲಿ ಅದಕ್ಕೂ ಧೈರ್ಯ ಬೇಕು. ಆದರೆ ಒಂದು ಹೊತ್ತು ಉಂಡು ಎದ್ದವನು ಕಳೆದುಕೊಳ್ಳುವುದು ಅಲ್ಪ. ನೆರೆಹೊರೆಯವರ ಮುನಿಸನ್ನು ಸಹಿಸಿ, ಮಗುವನ್ನು ಶಾಲೆ ಬಿಡಿಸದೆ, ದಿನವೂ ಅದೇ ಪಂಕ್ತಿಗೆ ಕಳುಹಿಸುವ ತಾಯಿತಂದೆಯರು ಮಾಡುವ ಕೆಲಸ ಅದಕ್ಕಿಂತ ದೊಡ್ಡದು. ಅದಕ್ಕೆ ಛಾಯಾಚಿತ್ರಗಾರರು ಬರುವುದಿಲ್ಲ.

ಅಡುಗೆಯವರಿಗೆ ದೊರೆಯುವ ಹಣಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನವೆಂದು ಹೆಸರು. ಅಡುಗೆಯವರ ಸಂಖ್ಯೆಯೂ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು ಎಂಬುದು ಕೇಂದ್ರದ ನಿಯಮ. ಒಂದೊಂದು ಮಗು ಪಂಕ್ತಿಯಿಂದ ಎದ್ದುಹೋದಂತೆ ಆ ಒಲೆಯ ಮುಂದಿನ ಕೆಲಸವೂ ಕರಗುತ್ತಾ ಹೋಗುತ್ತದೆ.