ಬೆಲೆಯೇರುವ ಹಳೆಯ ಕಾರುಗಳೂ ನಮ್ಮ ಗ್ಯಾರೇಜುಗಳ ವಿದ್ಯೆಯೂ

ಅದಿರಿನ ಬೆಲೆ ದಿನದಿನಕ್ಕೆ ಏರುತ್ತಿದ್ದ ಕಾಲದಲ್ಲಿ ಬಳ್ಳಾರಿಯ ಬೀದಿಗಳಲ್ಲಿ ವಿದೇಶೀ ಕಾರುಗಳು ಹೇಗೆ ಮೆರೆದವೆಂಬುದನ್ನೂ, 2011ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಗೆ ತಡೆಯಿತ್ತ ಮೇಲೆ ಸಾಲದಲ್ಲಿ ಕೊಂಡ ಲಾರಿಗಳು ಹೇಗೆ ಸಾಲುಗಟ್ಟಿ ನಿಂತುವೆಂಬುದನ್ನೂ ಕಣ್ಣಾರೆ ಕಂಡ ಈ ಸೀಮೆಯ ಜನಕ್ಕೆ, ಏರಿದ ಬೆಲೆಯೆಲ್ಲ ಉಳಿಯುವ ಬೆಲೆಯಲ್ಲವೆಂಬುದನ್ನು ಹೊರಗಿನವರು ಬಂದು ಬೋಧಿಸಬೇಕಾಗಿಲ್ಲ. ಹಾಗಿದ್ದರೂ ಹಳೆಯ ಜಾಗ್ವಾರ್, ಎಂಜಿ, ಟ್ರಯಂಫ್ ಮೊದಲಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳನ್ನು ಬಂಗಾರದಂತೆ, ಹೊಲದಂತೆ ಬೆಳೆಯುವ ಆಸ್ತಿಯೆಂದು ಭಾವಿಸುವವರು ಉಳ್ಳವರಲ್ಲಿ ಉಂಟು. 1950ಕ್ಕೆ ಹಿಂದಿನ ಕಾರುಗಳಿಗಷ್ಟೇ ಇದ್ದ ಆಮದಿನ ಸೌಲಭ್ಯವನ್ನು 2025ರ ಆರಂಭದಲ್ಲಿ ಕೇಂದ್ರ ಸರ್ಕಾರವು 50 ವರ್ಷ ತುಂಬಿದ ಕಾರುಗಳಿಗೂ ವಿಸ್ತರಿಸಿದುದು ಈ ಆಸೆಗೆ ಇಂಬು ಕೊಟ್ಟಿದೆ.

ಆಸೆಗೆ ಆಧಾರವೇ ಇಲ್ಲವೆಂದಲ್ಲ. 2017ರಲ್ಲಿ ಅಮೆರಿಕದ ಮಾಂಟೆರೆಯಲ್ಲಿ ಆಸ್ಟನ್ ಮಾರ್ಟಿನ್ ಡಿಬಿಆರ್1 ಕಾರೊಂದು 2 ಕೋಟಿ 25 ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಹರಾಜಾಯಿತು. ಆದರೆ ಆ ಮಾದರಿಯಲ್ಲಿ ನಿರ್ಮಾಣವಾದವು ಐದೇ ಕಾರುಗಳು. ಅವುಗಳ ಹಿಂದೆ ಪಂದ್ಯಗಳನ್ನು ಗೆದ್ದ ಚರಿತ್ರೆಯಿದೆ. ನಮ್ಮಂಥವರ ಕೈಗೆ ಎಟುಕಬಹುದಾದ ಎಂಜಿಬಿಯಾದರೋ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದುದು; 1988ರಿಂದ ಅದರ ಇಡೀ ಬಾಡಿಯನ್ನೇ ಇಂಗ್ಲೆಂಡಿನಲ್ಲಿ ಹೊಸದಾಗಿ ಮಾಡಿ ಮಾರುತ್ತಿರುವುದರಿಂದ, ಆ ಕಾರಿಗೆ ಆಯುಷ್ಯ ದೊರೆತಂತೆ ದುರ್ಲಭತೆ ದೊರೆಯಲಿಲ್ಲ. ದುರ್ಲಭವಲ್ಲದ ವಸ್ತುವಿನ ಮೇಲೆ ಮಾಡಿದ ದುರಸ್ತಿಯ ಖರ್ಚು ಮಾರುವಾಗ ಹಿಂದಿರುಗುವುದು ಅಪರೂಪ. 1961ರಲ್ಲಿ ಜಿನೀವಾದಲ್ಲಿ ಲೋಕದ ಕಣ್ಣಿಗೆ ಬಿದ್ದ ಜಾಗ್ವಾರ್ ಇ-ಟೈಪಿನ ಸೌಂದರ್ಯವನ್ನು ನಾನೂ ಮನಸಾರೆ ಮೆಚ್ಚುವವನೇ. ಆದರೆ 1980ರ ದಶಕದ ಕೊನೆಯಲ್ಲಿ ಅದರ ಬೆಲೆ ಗಗನಕ್ಕೇರಿ, ಕೆಲವೇ ವರ್ಷಗಳಲ್ಲಿ ಕುಸಿದುಬಿದ್ದ ವೃತ್ತಾಂತವನ್ನು ಮರೆಯಲಾಗದು. ಯೌವನದಲ್ಲಿ ಈ ಕಾರುಗಳನ್ನು ಕಂಡು ಹಂಬಲಿಸಿದ ಪೀಳಿಗೆ ಈಗ ಮುಪ್ಪಿಗೆ ಸಂದಿದೆ. ಅವರ ಮೊಮ್ಮಕ್ಕಳ ಕಣ್ಣು 1990ರ ದಶಕದ ಜಪಾನೀ ಕಾರುಗಳ ಮೇಲಿದೆ. ಕೊಳ್ಳುವವರು ಕಡಿಮೆಯಾಗುವ ಪೇಟೆಯಲ್ಲಿ ಬೆಲೆ ಏರುವುದೆಂದು ನಂಬುವುದು ನನ್ನಿಂದಾಗದು.

ಇನ್ನು ಸಾಕುವ ಖರ್ಚು. ಭಾರಿ ಸುಂಕ ತೆತ್ತು ತರಿಸಿದ ಮೇಲೆ, 2021ರ ವಿಂಟೇಜ್ ವಾಹನ ನಿಯಮಗಳ ಪ್ರಕಾರ 20,000 ರೂಪಾಯಿ ಕಟ್ಟಿ ‘ವಿಎ’ ಅಕ್ಷರಗಳ ನಂಬರ್ ಪ್ಲೇಟು ಪಡೆಯಬೇಕು. ಪಡೆದರೂ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸುತ್ತದೆ. ನಮ್ಮ ಒಣ ಬಿಸಿಲು ಕಬ್ಬಿಣವನ್ನು ತುಕ್ಕಿನಿಂದ ಕಾಯುವುದೇನೋ ನಿಜ, ಆದರೆ ಇಂಗ್ಲೆಂಡಿನ ಚಳಿಗೆಂದು ಮಾಡಿದ ರೇಡಿಯೇಟರು ಏಪ್ರಿಲ್ ತಿಂಗಳ ಮಧ್ಯಾಹ್ನ ಕುದಿಯದೆ ಬಿಡದು.

ಹಾಗಾದರೆ ಈ ಪ್ರೀತಿಯನ್ನೇ ತೊರೆಯಬೇಕೆ? ಬೇಕಾಗಿಲ್ಲ. ನಾವು ಕಡಲಾಚೆ ಅರಸುತ್ತಿರುವ ಯಂತ್ರದ ಬಂಧುಗಳು ನಮ್ಮ ಕಣ್ಣೆದುರಿಗೇ ಇದ್ದವು. ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಉತ್ತರಪಾರಾದಲ್ಲಿ ತಯಾರಾಗಿ, 2014ರವರೆಗೂ ಹೊರಬರುತ್ತಿದ್ದ ಅಂಬಾಸಿಡರಿಗೆ ದಶಕಗಳ ಕಾಲ ಹೃದಯವಾಗಿದ್ದ 1489 ಸಿಸಿಯ ಬಿ-ಸೀರೀಸ್ ಎಂಜಿನ್ನೇ 1955ರ ಎಂಜಿಎ ಸ್ಪೋರ್ಟ್ಸ್ ಕಾರಿನದೂ ಆಗಿತ್ತು. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡಿನ ಚಾಸಿಯನ್ನೇ ಮೊಟಕು ಮಾಡಿ ಟ್ರಯಂಫ್ ಸ್ಪಿಟ್‌ಫೈರನ್ನು ಕಟ್ಟಿದರು. ಎರಡರ ರೂಪವನ್ನೂ ಚಿತ್ರಿಸಿದವನು ಇಟಲಿಯ ಮಿಕೆಲೊಟ್ಟಿಯೇ. ಆದುದರಿಂದ ಅಂಬಾಸಿಡರಿನ ಟ್ಯಾಪೆಟ್ ಹಿಡಿದ ನಮ್ಮ ಮೆಕ್ಯಾನಿಕ್ಕನಿಗೆ ಎಂಜಿ ಅಪರಿಚಿತವಲ್ಲ. ವಾಲ್ವಿಗೂ ರಾಕರಿಗೂ ನಡುವೆ ಫೀಲರ್ ಗೇಜಿನ ತೆಳ್ಳನೆಯ ಎಲೆಯನ್ನು ತೂರಿಸಿ, ಅದು ತುಸುವೇ ಹಿಡಿದಂತೆ ಜಾರುವವರೆಗೆ ಸ್ಕ್ರೂ ತಿರುಗಿಸಿ, ಸ್ಕ್ರೂ ಅಲುಗದಂತೆ ಸ್ಕ್ರೂಡ್ರೈವರಿನಿಂದ ಅದುಮಿ ಹಿಡಿದು ನಟ್ಟು ಬಿಗಿದು, ಬಿಗಿಯುವಾಗ ಸಂದಿ ಬದಲಾದೀತೆಂದು ಮತ್ತೊಮ್ಮೆ ಅದೇ ಎಲೆಯನ್ನು ಎಳೆದು ನೋಡುವ ಆ ಬೆರಳುಗಳ ಜ್ಞಾನವು ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಇಂದಿನ ಹುಡುಗರಿಗೆ ಬಂದಿಲ್ಲ. ಆ ವಿದ್ಯೆ ಬಲ್ಲ ಹಿರಿಯರೊಡನೆಯೇ ಅದು ಮುಗಿದುಹೋದರೆ ಲಕ್ಷಾಂತರ ರೂಪಾಯಿಯ ಜಾಗ್ವಾರೂ ಶೆಡ್ಡಿನಲ್ಲಿ ನಿಂತ ಕಬ್ಬಿಣವೇ ಸರಿ.

ಸಂಗ್ರಹವೆಂದರೇನೆಂದು ನೋಡಬಯಸುವವರು ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟಿರುವ ಕಾರುಗಳನ್ನು ನೋಡಿ ಬರಬಹುದು. ಅಲ್ಲಿ ಹಳೆಯ ಕಾರು ಜನ ಕಂಡು ತಿಳಿಯುವ ವಸ್ತುವಾಗಿದೆ. ನನ್ನ ಮಟ್ಟಿಗೆ ಅದಕ್ಕೆ ಒಪ್ಪುವ ಸ್ಥಾನವೂ ಅದೇ.

ಲಾಭದ ಲೆಕ್ಕ ಹಾಕುವವರು ಈ ಪೇಟೆಗೆ ಇಳಿಯದಿರುವುದೇ ಲೇಸು. ಆದರೆ ಸಿರುಗುಪ್ಪ, ಕುರುಗೋಡುಗಳ ಕಡೆ ಯಾರ ಮನೆಯ ಶೆಡ್ಡಿನಲ್ಲಾದರೂ 1975ಕ್ಕೆ ಮೊದಲಿನ ಅಂಬಾಸಿಡರೋ ಹೆರಾಲ್ಡೋ ಧೂಳು ಹಿಡಿದು ನಿಂತಿದ್ದರೆ, ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವ ಮುನ್ನ ಅದರ ಆರ್‌ಸಿ ಪುಸ್ತಕವನ್ನು ಹುಡುಕಿಡಿ, ಮೂಲ ಬಿಡಿಭಾಗಗಳನ್ನು ಬಿಚ್ಚಿ ಮಾರಬೇಡಿ, ಹತ್ತಿರದ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ಕನನ್ನು ಕರೆಸಿ ಒಮ್ಮೆ ತೋರಿಸಿ; ಸಾಧ್ಯವಾದರೆ ಕಲಿಯುವ ಹುಡುಗನೊಬ್ಬನನ್ನೂ ಅವರ ಜೊತೆಗೆ ಬರಹೇಳಿ.