ಬೀರುವಿಗೆ ಬೀಗ, ಬರಹಕ್ಕೆ ಬೇಡವೇ?

‘ಮನೆಯವರಿಂದ ಮುಚ್ಚಿಡುವಂಥದ್ದು ಏನಿದೆ?’ ಎನ್ನುವವರಿಗೆ ನನ್ನದೊಂದು ಮರುಪ್ರಶ್ನೆ: ನಿಮ್ಮ ಬೀರುವಿನ ಕೀಲಿ ಯಾರ ಹತ್ತಿರವಿದೆ? ಒಡವೆಗೆ ಬೀಗ ಹಾಕಿದರೆ ಜಾಣತನ. ಸೊಸೆ ತನ್ನ ಬರಹಕ್ಕೆ ಪಾಸ್‌ವರ್ಡ್ ಇಟ್ಟರೆ ಕಳ್ಳತನ.

ಹಾಲ್‌ನಲ್ಲಿರುವುದು ಒಂದೇ ಕಂಪ್ಯೂಟರು. ಮಾವನ ಪಿಂಚಣಿ ಕಾಗದ, ಮಕ್ಕಳ ಪ್ರಾಜೆಕ್ಟು, ಅವಳ ಸ್ಕ್ಯಾನಿಂಗ್ ರಿಪೋರ್ಟು, ಅರ್ಧ ಬರೆದ ಕತೆ ಎಲ್ಲವೂ ಒಂದೇ ಖಾತೆಯಲ್ಲಿ. ಫೋಲ್ಡರನ್ನು ‘ಹಿಡನ್’ ಮಾಡುವುದು ಬೀಗವಲ್ಲ, ಬರೀ ಪರದೆ. ಹೈಸ್ಕೂಲು ಹುಡುಗನಿಗೂ ಸರಿಸಲು ಗೊತ್ತು. ಒಬ್ಬೊಬ್ಬರಿಗೂ ಬೇರೆ ಖಾತೆ ಬೇಕು. ಅದೂ ಸಾಲದು: ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆದವರು ಉಳಿದವರ ಫೈಲುಗಳನ್ನೂ ತೆರೆಯಬಲ್ಲರು. ನಾನು ಕಂಡ ಮನೆಗಳಲ್ಲಿ ಆ ಪಟ್ಟ ಗಂಡಸರದೇ. (ಹಾಳಾದಾಗ ರಿಪೇರಿಗೆ ಒಯ್ಯುವ ಕೆಲಸ ಮಾತ್ರ ಯಾರದಾದರೂ ಆದೀತು.) ಪುಕ್ಕಟೆ ಸಿಗುವ ಲಿಬ್ರೆ ಆಫೀಸ್‌ನಲ್ಲಿ ಉಳಿಸುವಾಗಲೇ ಪಾಸ್‌ವರ್ಡ್ ಕೊಟ್ಟರೆ ಫೈಲೇ ಗೂಢಲಿಪಿಯಾಗುತ್ತದೆ, ಪಾಸ್‌ವರ್ಡ್ ಮರೆತರೆ ಬರೆದವಳಿಗೂ ಸಿಗದು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆ ತೀರ್ಪಿಗೆ ಚಪ್ಪಾಳೆ ತಟ್ಟಿದವರೇ ಇವತ್ತು ಅವಳ ಕುರ್ಚಿಯ ಹಿಂದೆ ಬಂದು ನಿಂತು, ‘ಏನಮ್ಮಾ ಅದು, ಅಷ್ಟೊತ್ತಿಂದ ಟೈಪ್ ಮಾಡ್ತಿದ್ದೀಯ?’ ಎಂದು ಕೇಳುತ್ತಾರೆ.